ಹಿಂದಿನ ಚಕ್ರ ಮತ್ತು ನಮ್ಮ ಮಾವನವರು

ಕೆಲವರನ್ನು ಜೀವನವಿಡೀ ನೆಂಟರು ಹಿಂಬಾಲಿಸುತ್ತಾರೆ, ಕೆಲವರನ್ನು ಕೋರ್ಟು ಕೇಸು. ನನ್ನನ್ನು ಹಿಂಬಾಲಿಸಿದ್ದು ನನ್ನದೇ ಕಾರಿನ ಹಿಂದಿನ ಚಕ್ರ. ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಎಂದು ಮನೆಯಲ್ಲಿ ಈಗಲೂ ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಅರ್ಧ ಜನ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದವರೇ ಆದ್ದರಿಂದ ನಾನು ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯಲ್ಲಿ ನನ್ನದೊಂದು ಸೈಕಲ್ ಷಾಪ್ ಇತ್ತು. ಬಾಡಿಗೆ ಸೈಕಲ್ ಕೊಡುವುದು, ಪಂಕ್ಚರ್ ಹಾಕುವುದು, ಡೊಂಕಾದ ರಿಮ್ಮು ನೆಟ್ಟಗೆ ಮಾಡುವುದು ನನ್ನ ಕಸುಬು. ಆಗ ಕಾಫಿ ಸೀಮೆಯ ಸಾಹುಕಾರರೊಬ್ಬರ ಮಗ ಅಮೆರಿಕದ ಕಾರೊಂದನ್ನು ಇಟ್ಟುಕೊಂಡು, ಪೆಟ್ರೋಲಿನ ಬೆಲೆ ಏರಿದ ಮೇಲೆ ಅದರ ಹೊಟ್ಟೆ ತುಂಬಿಸಲಾರದೆ ಮಾರಲು ನಿಂತಿದ್ದ. ಮದುವೆ ಸೀಸನ್ನಿನಲ್ಲಿ ದಿಬ್ಬಣಕ್ಕೆ ಬಾಡಿಗೆ ಬಿಡಬಹುದು ಎಂದು ಎಲ್ಲರಿಗೂ ಹೇಳಿ ಕೊಂಡುಕೊಂಡೆ. ನಿಜವಾಗಿ ಕೊಂಡದ್ದು ಅದು ನೋಡಲು ಚೆನ್ನಾಗಿತ್ತು ಎನ್ನುವ ಒಂದೇ ಕಾರಣಕ್ಕೆ.

ಉದ್ದನೆಯ ಮೂತಿ, ಅಗಲವಾದ ಬೆನ್ನು, ಎಡಗಡೆ ಸ್ಟೇರಿಂಗು, ಎರಡೇ ಬಾಗಿಲು. ಹಿಂದೆ ಹೋಗಬೇಕೆಂದರೆ ಮುಂದಿನ ಸೀಟಿನ ಬೆನ್ನನ್ನು ಮಡಿಸಿ ನುಗ್ಗಬೇಕು. ಆ ಹುಡುಗ ತನ್ನ ಕಾರು ನೆಲಕ್ಕೆ ಅಂಟಿಕೊಂಡು ಓಡುವಂತೆ ಕಾಣಬೇಕೆಂದು ಭಾರ ಹೊರುವ ಹಿಂದಿನ ಸ್ಪ್ರಿಂಗ್ ಪಟ್ಟಾಗಳಿಂದ ಒಂದೊಂದು ಎಲೆ ಕಿತ್ತು ಹಾಕಿಸಿದ್ದ. ಅದು ಸಾಲದೆಂಬಂತೆ ಇರಬೇಕಾದ್ದಕ್ಕಿಂತ ಅಗಲದ ಟಯರನ್ನೂ ಹಾಕಿಸಿದ್ದ. ಹೀಗಾಗಿ ಹಿಂದೆ ನಾಲ್ಕು ಜನ ಕೂತು ಕಾರು ಒಂದು ಗುಂಡಿಗೆ ಇಳಿದರೆ ಸಾಕು, ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜಿ, ಕಬ್ಬಿಣದ ಗೇಟನ್ನು ಕಲ್ಲಿನ ಮೇಲೆ ಎಳೆದಂಥ ಸಪ್ಪಳ ಬರುತ್ತಿತ್ತು. ಹೊಲದಲ್ಲಿದ್ದವರು ತಲೆ ಎತ್ತಿ ನೋಡುತ್ತಿದ್ದರು. ನಾನು ಮೊದಮೊದಲು ಅವರು ಕಾರನ್ನು ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡಿದ್ದೆ.

ಖಾಲಿ ಕಾರಿಗೆ ಕಾಯಿಲೆ ಇಲ್ಲ

ಸೈಕಲ್ಲಿನಲ್ಲಿ ಟಯರು ಫೋರ್ಕಿಗೆ ಉಜ್ಜಿದರೆ ನಟ್ಟು ಸಡಿಲ ಮಾಡಿ ಚಕ್ರಕ್ಕೆ ಅಂಗೈಯಿಂದ ಒಂದು ಏಟು ಹಾಕಿದರೆ ಮುಗಿಯಿತು. ಕಾರಿಗೂ ಅಂಥದೇ ಏನೋ ಇರಬೇಕೆಂದು ನಮ್ಮೂರಿನ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದೆ. ಅವನು ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು ಏನೂ ಇಲ್ಲ ಎಂದ. ಖಾಲಿ ಕಾರಿನಲ್ಲಿ ಎಲ್ಲಿಂದ ಬರಬೇಕು? ಹಲ್ಲುನೋವು ಡಾಕ್ಟರ ಮನೆ ಬಾಗಿಲಲ್ಲಿ ನಿಂತುಹೋಗುತ್ತದಲ್ಲ, ಹಾಗಾಯಿತು.

ಹಿಂದೆ ಜನ ಕೂತರೆ ಮಾತ್ರ ಸಪ್ಪಳ ಎಂದು ವಿವರಿಸಿದೆ. ಹಾಗಾದರೆ ಜನ ಕರೆದುಕೊಂಡು ಬನ್ನಿ ಎಂದ. ಬಸ್ ಸ್ಟ್ಯಾಂಡಿಗೆ ಹೋಗಿ, ನಲ್ಲೂರಿನ ಬಸ್ಸು ಕಾಯುತ್ತಿದ್ದವರಲ್ಲಿ ಸ್ವಲ್ಪ ದಪ್ಪಗಿದ್ದವರನ್ನು ಆರಿಸಿ, ಐದು ನಿಮಿಷ ಕಾರಿನಲ್ಲಿ ಕೂರುತ್ತೀರಾ ಎಂದು ಕೈಮುಗಿದು ಕೇಳಿದೆ. ಯಾರೂ ಬೇಡ ಅನ್ನಲಿಲ್ಲ. ದಪ್ಪಗಿಲ್ಲದವರೂ ಬಂದು ಕೂತರು. ಗ್ಯಾರೇಜಿನ ಮುಂದಿನ ಗುಂಡಿಯಲ್ಲೇ ಸಪ್ಪಳ ಬಂತು, ಮೇಸ್ತ್ರಿ ತಲೆ ಹಾಕಿ ನೋಡಿದ, ನನಗೆ ಸಮಾಧಾನವಾಯಿತು.

ಆದರೆ ಕೂತವರು ಇಳಿಯಲೊಲ್ಲರು. ನಿಮ್ಮ ಕೆಲಸಕ್ಕೆ ನಾವು ಬಂದೆವು, ಅಷ್ಟರಲ್ಲಿ ನಮ್ಮ ಬಸ್ಸು ಹೊರಟುಹೋಯಿತು, ಈಗ ನೀವೇ ಬಿಟ್ಟು ಬರಬೇಕು ಎಂದರು. ನ್ಯಾಯವಾದ ಮಾತೇ. ನಲ್ಲೂರಿನವರೆಗೆ ದಾರಿಯುದ್ದಕ್ಕೂ ಸಪ್ಪಳ ಮಾಡಿಕೊಂಡು ಹೋಗಿ ಇಳಿಸಿ ಬಂದೆ. ಮೇಸ್ತ್ರಿ ಅಷ್ಟರಲ್ಲಿ ಕೈ ತೊಳೆದುಕೊಂಡು ಬೀಡಿ ಹಚ್ಚಿದ್ದ. ಏನು ಮಾಡಬೇಕಪ್ಪಾ ಎಂದು ಕೇಳಿದೆ.

"ಗಾಡಿ ಸರಿ ಐತೆ," ಎಂದ. "ಜನ ಸರಿ ಇಲ್ಲ."

ಸೊಕ್ಕೆಯ ಷರತ್ತು

ಇಷ್ಟರಲ್ಲಿ ನನಗೆ ಹೆಣ್ಣು ನೋಡುವ ಕಾಲ ಬಂತು. ಅಪ್ಪ ಇಲ್ಲದ ಮನೆಗೆ ದೊಡ್ಡಪ್ಪನೇ ಯಜಮಾನರು. ಜಗಳೂರಿನ ಹತ್ತಿರ ಸೊಕ್ಕೆಯಲ್ಲಿ ಒಳ್ಳೆ ಮನೆತನ, ಶೇಂಗಾ ಬೆಳೆಯುವವರು, ಹುಡುಗಿ ಓದಿದವಳು ಎಂದು ಅವರು ಗೊತ್ತು ಮಾಡಿಕೊಂಡು ಬಂದರು. ದೊಡ್ಡಪ್ಪ ಮುಂದೆ, ಅವ್ವ, ದೊಡ್ಡವ್ವ, ಅತ್ತೆ ಹಿಂದೆ. ಹೊರಟೆವು.

ಹುಡುಗಿಯನ್ನು ನೋಡಿದೆ. ಚಹಾ ಕೊಡುವಾಗ ಅವಳು ನನ್ನನ್ನು ನೋಡಲಿಲ್ಲ, ಕಿಟಕಿಯಾಚೆ ನಿಂತ ಕಾರನ್ನು ನೋಡಿ ತುಟಿ ಕಚ್ಚಿಕೊಂಡು ನಗು ತಡೆದಳು. ಅಷ್ಟಕ್ಕೇ ನನಗೆ ಇವಳಲ್ಲದೆ ಬೇರೆ ಯಾರೂ ಬೇಡ ಅನ್ನಿಸಿಬಿಟ್ಟಿತು. ಈಗ ಹೇಳಲು ನಾಚಿಕೆಯೇನಿಲ್ಲ, ಆವತ್ತು ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ.

ಊಟ ಸೇರದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಮಾತುಕತೆ ಮುಗಿದ ಮೇಲೆ ಹುಡುಗಿಯ ತಂದೆ ಕಾರಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದರು. ಆಳು ಭಾರಿ. ಅವರು ಕೂತ ಕುರ್ಚಿಯಲ್ಲಿ ಅವರು ಎದ್ದ ಮೇಲೂ ಸ್ವಲ್ಪ ಹೊತ್ತು ಬೇರೆ ಯಾರೂ ಕೂರುತ್ತಿರಲಿಲ್ಲ, ಕುರ್ಚಿ ಸುಧಾರಿಸಿಕೊಳ್ಳಲಿ ಎಂಬಂತೆ. ಅವರು ಹಿಂದಿನ ಸೀಟಿಗೆ ನುಗ್ಗಿ ಕೂತ ಕ್ಷಣವೇ ಕಾರು ಉಸಿರು ಬಿಟ್ಟು ಕುಗ್ಗಿತು. ಗುಂಡಿಯೇ ಬೇಕಾಗಲಿಲ್ಲ. ಮನೆಯ ಮುಂದಿನಿಂದ ಹನುಮಂತ ದೇವರ ಗುಡಿಯವರೆಗೂ, ಗುಡಿಯಿಂದ ವಾಪಸ್ಸು ಮನೆಯವರೆಗೂ ಒಂದೇ ಸಮನೆ ಸಪ್ಪಳ. ಊರಿನ ನಾಯಿಗಳೆಲ್ಲ ಹಿಂದೆ ಬಂದವು.

ಇಳಿದವರು ಚಕ್ರವನ್ನು ನೋಡಿ, ನನ್ನನ್ನು ನೋಡಿ, ದೊಡ್ಡಪ್ಪನ ಕಡೆ ತಿರುಗಿದರು.

"ಹುಡುಗನದು ಸೈಕಲ್ ಷಾಪು ಅಂದ್ರಿ. ಚಕ್ರ ಉಜ್ಜೋದು ನಿಲ್ಲಿಸಾಕೆ ಆಗದೋನು ಸಂಸಾರ ಹೆಂಗೆ ತೂಗಿಸ್ತಾನ್ರಿ? ಸಪ್ಪಳ ನಿಲ್ಲಿಸಿಕೊಂಡು ಬರ್ರಿ, ಆಮೇಲೆ ಮುಂದಿನ ಮಾತು."

ಸಪ್ಪಳಕ್ಕೆ ಕಾರಣ ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಇದ್ದದ್ದು ನಾಯಿಗಳಿಗೆ ಮಾತ್ರ. ಅವು ಅವರು ಇಳಿದ ತಕ್ಷಣ ಬೊಗಳುವುದನ್ನು ನಿಲ್ಲಿಸಿದವು.

ಹೊನ್ನಾಳಿಯ ಒನಕೆ

ಹೊನ್ನಾಳಿಯಲ್ಲಿ ಒಬ್ಬ ಟಿಂಕರ್ ಇದ್ದಾನೆ, ತಗಡನ್ನು ರೊಟ್ಟಿಯಂತೆ ಬಡಿಯುತ್ತಾನೆ ಎಂದು ಯಾರೋ ಹೇಳಿದರು. ಹೋದೆ. ಅವನು ಮಡ್‌ಗಾರ್ಡಿನ ಒಳಗೆ ಕೈ ಹಾಕಿ ನೋಡಿ, ಒಳಗಡೆ ಚಾಚಿರುವ ಅಂಚನ್ನು ಮೇಲಕ್ಕೆ ಮಡಿಸಿದರೆ ಟಯರಿಗೆ ಜಾಗ ಸಿಗುತ್ತದೆ ಎಂದ. ಆದರೆ ಅಲ್ಲಿ ಸುತ್ತಿಗೆ ಬೀಸಲು ಜಾಗವಿಲ್ಲ. ದುಂಡಗಿನ ಗಟ್ಟಿ ಮರವೊಂದನ್ನು ಟಯರಿಗೂ ಅಂಚಿಗೂ ನಡುವೆ ತೂರಿಸಿ, ಕಾರನ್ನು ನಿಧಾನ ಹಿಂದೆ ಮುಂದೆ ತಳ್ಳಿದರೆ ಮರ ಉರುಳಿ ಅಂಚು ತಾನಾಗಿ ಮಡಿಯುತ್ತದೆ. ಉಪಾಯ ಚೆನ್ನಾಗಿತ್ತು. ಮರ ಎಲ್ಲಿ?

ಪಕ್ಕದ ಮನೆಯ ಯಜಮಾನರು ಆಗಿನಿಂದ ಕಾರನ್ನೇ ನೋಡುತ್ತ ನಿಂತಿದ್ದವರು ಒಳಗೆ ಹೋಗಿ ಒನಕೆ ತಂದುಕೊಟ್ಟರು. ಅವರ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದನ್ನು ನಾವ್ಯಾರೂ ಗಮನಿಸಲಿಲ್ಲ. ಅವರೂ ಮರೆತಿದ್ದರೆಂದು ಕಾಣುತ್ತದೆ. ಒನಕೆ ಅರ್ಧದವರೆಗೆ ಸಲೀಸಾಗಿ ಹೋಯಿತು, ಅಲ್ಲಿ ಕಚ್ಚಿಕೊಂಡಿತು. ಕಾರು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಅಷ್ಟರಲ್ಲಿ ಆ ಮನೆಯಿಂದ ಒಂದು ಹಿಂಡು ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒನಕೆ ಹುಡುಕಿಕೊಂಡು ಬಂದರು. ಮಗಳ ಮದುವೆ. ಒನಕೆಗೆ ಅರಿಶಿನದ ಕೊಂಬು ಕಟ್ಟಿ ಪೂಜೆ ಮಾಡುವ ಗಳಿಗೆ ಬಂದಿದೆ, ಒನಕೆ ಮಾತ್ರ ಕಾರಿನ ಹೊಟ್ಟೆಯಲ್ಲಿದೆ. ಯಜಮಾನರು ಮೆಲ್ಲಗೆ ಸಂದಿಯ ಕಡೆ ಸರಿದರು. ಬೇರೆ ಒನಕೆ ತನ್ನಿ ಎಂದು ಒಬ್ಬಳು, ಮನೆಯ ಒನಕೆಯೇ ಆಗಬೇಕು ಎಂದು ಇನ್ನೊಬ್ಬಳು. ಟಿಂಕರ್ ಹಾರೆ ತರುತ್ತೇನೆಂದು ಹೋದವನು ಬರಲಿಲ್ಲ.

ಕೊನೆಗೆ ಎಲ್ಲರಿಗಿಂತ ಹಿರಿಯಾಕೆ ಬಗ್ಗಿ ಚಕ್ರದ ಸಂದಿ ನೋಡಿದರು. "ಗಳಿಗೆ ಮೀರಿದ್ರೆ ಮತ್ತೆ ಬರಲ್ಲ. ಒನಕೆ ಎಲ್ಲೈತೋ ಅಲ್ಲೇ ಮಾಡಾಕೆ ಏನಾಗ್ತೈತೆ?" ಎಂದರು.

ಒನಕೆಯ ಹೊರಗೆ ಕಾಣುತ್ತಿದ್ದ ತುದಿಗೆ ಅರಿಶಿನದ ಕೊಂಬು ಕಟ್ಟಿದರು, ಕುಂಕುಮ ಹಚ್ಚಿದರು. ಮುತ್ತೈದೆಯರು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ನಿಂತು ಸೋಬಾನೆ ಹಾಡಿದರು. ಮಡ್‌ಗಾರ್ಡಿಗೂ ಒಂದು ಬೊಟ್ಟು ಬಿತ್ತು. ಆಮೇಲೆ ಬಂದ ಟಿಂಕರ್ ಹಾರೆ ಹಾಕಿ ಮೀಟಿದಾಗ ಒನಕೆ ಹೊರಗೆ ಬಂತು, ಒಂದು ಗೀರೂ ಆಗಿರಲಿಲ್ಲ. ಆದರೆ ಮೀಟಿದ ರಭಸಕ್ಕೆ ತಗಡು ಮುಂದಕ್ಕೆ ಉಬ್ಬಿ ಎಡಗಡೆಯ ಬಾಗಿಲನ್ನು ಕಚ್ಚಿ ಹಿಡಿಯಿತು. ಅದು ಮತ್ತೆಂದೂ ತೆರೆಯಲಿಲ್ಲ. ಡ್ರೈವರ್ ಕೂಡ ಬಲಬಾಗಿಲಿನಿಂದ ಹತ್ತಿ ಸೀಟಿನ ಮೇಲೆ ಜಾರಿಕೊಂಡು ಎಡಕ್ಕೆ ಹೋಗಬೇಕು. ಬಲಬಾಗಿಲ ಪಕ್ಕ ಕೂತವರು ಇಳಿಯದ ಹೊರತು ಕಾರಿನಲ್ಲಿದ್ದ ಯಾರೂ ಇಳಿಯುವಂತಿಲ್ಲ. ಆ ಜಾಗ ಸದಾ ದೊಡ್ಡಪ್ಪನದು.

ಸೊಕ್ಕೆಗೆ ಹೋಗಿ ತೋರಿಸಿದೆ. ಹುಡುಗಿಯ ತಂದೆ ಹಿಂದೆ ಕೂತರು, ಸಪ್ಪಳ ಬಂತು. ವಾಪಸ್ಸು ಬರುವಾಗ ಮಡ್‌ಗಾರ್ಡಿನ ಮೇಲೆ ಕುಂಕುಮ ಇನ್ನೂ ಇತ್ತು. ನನ್ನ ಮದುವೆ ಗೊತ್ತಾಗುವ ಮೊದಲೇ ನನ್ನ ಕಾರಿನದು ಒಂದು ಶಾಸ್ತ್ರ ಮುಗಿದಿತ್ತು.

ನ್ಯಾಮತಿಯಲ್ಲಿ ಮೇಲೆ ಕೆಳಗೆ

ನ್ಯಾಮತಿಯಲ್ಲಿ ಲಾರಿಗಳ ಪಟ್ಟಾ ಕೆಲಸ ಮಾಡುವ ಮೇಸ್ತ್ರಿಯೊಬ್ಬರಿದ್ದರು. ಅಂಚು ಬಡಿದು ಏನು ಪ್ರಯೋಜನ, ಕಾರನ್ನೇ ಮೇಲೆತ್ತಬೇಕು ಎಂದರು. ನನಗೂ ಹೌದಲ್ಲ ಅನ್ನಿಸಿತು. ಕಿತ್ತುಹಾಕಿದ ಎಲೆಯ ಜಾಗಕ್ಕೆ ಇನ್ನೊಂದು ಹಾಕಬೇಕು, ಅಷ್ಟೇ. ಆದರೆ ಅವರ ಹತ್ತಿರ ಇದ್ದದ್ದು ಲಾರಿಯ ಪಟ್ಟಾ. ಅದನ್ನೇ ಕತ್ತರಿಸಿ ಎರಡೂ ಕಡೆ ಬಿಗಿದು, ಇನ್ನು ನಿಮ್ಮ ಜನ್ಮದಲ್ಲಿ ಉಜ್ಜುವುದಿಲ್ಲ ಎಂದು ಭರವಸೆ ಕೊಟ್ಟರು.

ಉಜ್ಜಲಿಲ್ಲ, ನಿಜ. ಅಡಿಕೆ ಮೂಟೆ ಹೊರುವ ಪಟ್ಟಾ ನಮ್ಮ ಅವ್ವ, ದೊಡ್ಡವ್ವರಿಗೆ ಬಗ್ಗೀತೇ? ಕಾರಿನ ಹಿಂಭಾಗ ಮೇಲೆದ್ದು, ಮೂತಿ ನೆಲ ಮೂಸುತ್ತ, ನೀರು ಕುಡಿಯಲು ಹಳ್ಳಕ್ಕೆ ಬಗ್ಗಿದ ಎಮ್ಮೆಯ ಹಾಗೆ ನಿಂತಿತು. ಬ್ರೇಕು ಒತ್ತಿದಾಗೆಲ್ಲ ಹಿಂದೆ ಕೂತವರು ಜಾರಿ ಮುಂದೆ ಕೂತವರ ಕುತ್ತಿಗೆಗೆ ಬೀಳುತ್ತಿದ್ದರು. ದೊಡ್ಡಪ್ಪ ದೊಡ್ಡವ್ವನನ್ನು ಅಷ್ಟು ಹತ್ತಿರದಿಂದ ಕಂಡು ಬಹಳ ವರ್ಷವಾಗಿತ್ತಂತೆ, ಅವರೇ ಗೊಣಗಿದರು. ಸೂರಗೊಂಡನಕೊಪ್ಪಕ್ಕೆ ನಡೆದು ಹೋಗುತ್ತಿದ್ದ ಯಾತ್ರಿಕರು ದಾರಿಯಲ್ಲಿ ನಿಂತು, ಈ ಕಾರೂ ಹರಕೆ ಹೊತ್ತು ನಮಸ್ಕಾರ ಹಾಕುತ್ತಿದೆಯೇ ಎಂದು ವಿಚಾರಿಸಿದರು. ಅವರು ತಮಾಷೆಗೆ ಕೇಳಲಿಲ್ಲ.

ಸಿಟ್ಟು ಬಂದು ಕಾರನ್ನು ತಿರುಗಿಸಿಕೊಂಡು ಮತ್ತೆ ಮೇಸ್ತ್ರಿಯ ಹತ್ತಿರವೇ ಹೋದೆ. ಹೀಗೆ ಬಗ್ಗಿಕೊಂಡು ಹೋದರೆ ಹೆಣ್ಣು ಕೊಡುವವರು ನನ್ನನ್ನು ಏನೆಂದು ತಿಳಿಯಬೇಕು ಎಂದು ಕೇಳಿದೆ. ಅವರು ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, ಹಿಂದೆ ಭಾರ ಕಡಿಮೆಯಾಗಿದೆ ಎಂದು ತೀರ್ಮಾನಿಸಿದರು. ಅಂಗಳದಲ್ಲಿ ಬಿದ್ದಿದ್ದ ಚಪ್ಪಡಿ ಕಲ್ಲೊಂದನ್ನು ನಾಲ್ವರು ಹೊತ್ತು ತಂದು ಡಿಕ್ಕಿಯಲ್ಲಿ ಇಟ್ಟರು. ಸಾಲದಾಗಿ ಇನ್ನೊಂದು ಇಟ್ಟರು. ಕಾರು ನಿಧಾನವಾಗಿ ಕೆಳಗಿಳಿದು ಸಮವಾಯಿತು, ಇನ್ನೂ ಸ್ವಲ್ಪ ಇಳಿಯಿತು. ಓಡಿಸಿ ನೋಡಿದೆ. ಕರ್ರ್ ಎಂದಿತು.

ಮೇಸ್ತ್ರಿ ಕಿವಿಗೊಟ್ಟು ಕೇಳಿ, ತೃಪ್ತಿಯಿಂದ ಕೈ ಒರೆಸಿಕೊಂಡರು.

"ಈಗ ನೋಡ್ರಿ. ಗಾಡಿ ಮೊದಲಿನಂಗೇ ಆತು."

ಟಯರು ತೀರಿಕೊಂಡದ್ದು

ಕಲ್ಲನ್ನೂ ಲಾರಿ ಪಟ್ಟಾವನ್ನೂ ಅಲ್ಲೇ ಬಿಟ್ಟು ಬಂದೆ. ಹುಡುಗಿಯ ಆಸೆಯನ್ನೂ ಬಿಡಬೇಕಾಗುತ್ತದೆ ಎಂದುಕೊಂಡೆ, ಏಕೆಂದರೆ ಅವಳಿಗೆ ಬೇರೆ ಕಡೆಯಿಂದಲೂ ಮಾತು ಬರುತ್ತಿದೆಯೆಂದು ದೊಡ್ಡಪ್ಪ ಕೇಳಿಕೊಂಡು ಬಂದಿದ್ದರು. ಆದರೂ ಏನಾದರೊಂದು ನೆಪ ಮಾಡಿಕೊಂಡು ಸೊಕ್ಕೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವಳ ತಂದೆ ಪರೀಕ್ಷೆಯ ಹೆಸರಿನಲ್ಲಿ ಹಿಂದೆ ಕೂತು ಜಗಳೂರಿನ ಸಂತೆ, ಬ್ಯಾಂಕು, ನೆಂಟರ ಮನೆ ಎಲ್ಲ ಮುಗಿಸಿಕೊಂಡು, ಸಪ್ಪಳ ಇನ್ನೂ ಐತಲ್ರಿ ಎಂದು ಹೇಳಿ ಇಳಿದು ಹೋಗುತ್ತಿದ್ದರು. ಸೊಕ್ಕೆಯ ಜನಕ್ಕೆ ಆ ಸಪ್ಪಳ ಎಷ್ಟು ಪರಿಚಯವಾಯಿತೆಂದರೆ, ಕಾರು ದಿಬ್ಬ ಇಳಿಯುವಾಗಲೇ ಅವರ ಮನೆಯಲ್ಲಿ ಚಹಾಕ್ಕೆ ಎಸರು ಇಡುತ್ತಿದ್ದರು.

ಉಜ್ಜಿ ಉಜ್ಜಿ ಒಂದು ದಿನ ಹಿಂದಿನ ಎರಡು ಟಯರೂ ಒಂದರ ಹಿಂದೆ ಒಂದು ಪ್ರಾಣ ಬಿಟ್ಟವು. ಅಷ್ಟು ಅಗಲದ ಟಯರು ದಾವಣಗೆರೆಯಲ್ಲೂ ಇಲ್ಲ, ಶಿವಮೊಗ್ಗದಲ್ಲೂ ಇಲ್ಲ. ಗತಿಯಿಲ್ಲದೆ, ಸಿಕ್ಕ ಕಡಿಮೆ ಅಗಲದ ಟಯರನ್ನೇ ಹಾಕಿಸಿದೆ. ಸಪ್ಪಳ ನಿಂತುಹೋಯಿತು. ಟಿಂಕರ್, ಮೇಸ್ತ್ರಿ, ಒನಕೆ, ಚಪ್ಪಡಿ ಯಾವುದಕ್ಕೂ ಬಗ್ಗದ ರೋಗವನ್ನು ರೋಗವೇ ತಿಂದು ಮುಗಿಸಿತ್ತು.

ಸೊಕ್ಕೆಗೆ ಹಾರಿಕೊಂಡು ಹೋದೆ. ಹುಡುಗಿಯ ತಂದೆ ಹಿಂದೆ ಕೂತರು. ಜಗಳೂರಿನವರೆಗೆ ಹೋಗಿ ಬಂದೆವು, ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದೆ. ಏನೂ ಇಲ್ಲ. ಅವರು ದಾರಿಯುದ್ದಕ್ಕೂ ಕಿವಿಯನ್ನು ಮಡ್‌ಗಾರ್ಡಿನ ಕಡೆಗೇ ಇಟ್ಟಿದ್ದರು. ಮನೆಯ ಮುಂದೆ ಇಳಿದು ಮದುವೆಗೆ ಒಪ್ಪಿಗೆ ಕೊಟ್ಟರು, ಆದರೆ ಮುಖ ಗೆಲುವಾಗಿರಲಿಲ್ಲ.

"ಸಪ್ಪಳ ಇಲ್ಲ, ಖರೆ," ಎಂದರು. "ಆದ್ರೂ ಮೊದಲಿನ ಮಜಾ ಇಲ್ಲ ಬಿಡ್ರಿ."

ಸದ್ದಿಲ್ಲದ ದಿಬ್ಬಣ

ನಮ್ಮ ಕಡೆ ಬೀಗರನ್ನು ಎದುರುಗೊಳ್ಳುವುದೆಂದರೆ ಮದುವೆಯಷ್ಟೇ ದೊಡ್ಡ ಸಂಗತಿ. ಗಂಡಿನವರು ಊರ ಮುಂದಿನ ಹನುಮಂತ ದೇವರ ಗುಡಿಗೆ ಬಂದು ನಿಲ್ಲಬೇಕು. ಹೆಣ್ಣಿನವರು ವಾಲಗ ಊದಿಸಿಕೊಂಡು ಅಲ್ಲಿಗೆ ಬಂದು, ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು ಕರೆದುಕೊಂಡು ಹೋಗಬೇಕು. ಇದರಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಮುಂದಿನ ಎರಡು ತಲೆಮಾರು ಅದನ್ನೇ ಆಡಿಕೊಳ್ಳುತ್ತಾರೆ.

ಮದುವೆಯ ದಿನ ಬಾಸಿಂಗ ಕಟ್ಟಿಕೊಂಡ ನಾನು ಹಿಂದೆ, ಅವ್ವ, ದೊಡ್ಡವ್ವ, ಇಬ್ಬರು ಅತ್ತೆಯರ ನಡುವೆ. ಮುಂದೆ ಬಲಬಾಗಿಲ ಪಕ್ಕ ದೊಡ್ಡಪ್ಪ. ಕಾರು ಓಡಿಸಿದವನು ನಮ್ಮೂರಿನ ಗ್ಯಾರೇಜಿನ ಮೇಸ್ತ್ರಿ. ಉಳಿದ ಜನ ಹಿಂದೆ ಬಸ್ಸಿನಲ್ಲಿ. ಸೊಕ್ಕೆಯ ದಿಬ್ಬ ಇಳಿದೆವು, ಗುಡಿಯ ಮುಂದೆ ನಿಂತೆವು. ಅಲ್ಲಿ ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ. ಕಾದು ಕಾದು ದೊಡ್ಡಪ್ಪನ ಮೀಸೆ ಅದುರಲು ಶುರುವಾಯಿತು. ಕೊನೆಗೆ ಮನೆಯ ಹಂದರದ ಮುಂದೆಯೇ ಕಾರು ತಂದು ನಿಲ್ಲಿಸಿದೆವು. ವಾಲಗದವರು ಹಿತ್ತಲಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ನಮ್ಮ ಭಾವೀ ಮಾವನವರು ಮೈಗೆ ಎಣ್ಣೆ ಹಚ್ಚಿಕೊಂಡು, ಪಂಚೆ ಎತ್ತಿ ಕಟ್ಟಿಕೊಂಡು, ಅಡಿಗೆಯವರಿಗೆ ಬೈಯುತ್ತ ನಿಂತಿದ್ದರು. ನಮ್ಮನ್ನು ಕಂಡು ಬೆಪ್ಪಾದರು.

ಆಮೇಲೆ ತಿಳಿಯಿತು. ಗುಡಿಯ ಹತ್ತಿರ ಒಬ್ಬನನ್ನು ಕಾಯಲು ನಿಲ್ಲಿಸೋಣ ಎಂದು ಮನೆಯವರೆಲ್ಲ ಹೇಳಿದ್ದರಂತೆ. ಯಾಕೆ ಬೇಕು, ಆ ಕಾರಿನ ಸಪ್ಪಳ ದಿಬ್ಬದ ಮೇಲಿಂದಲೇ ಕೇಳುತ್ತದೆ, ಕೇಳಿದ ಮೇಲೆ ಸ್ನಾನ ಮಾಡಿ ಹೊರಟರೂ ಸಾಕು ಎಂದು ಮಾವನವರೇ ಬೇಡ ಎಂದಿದ್ದರು. ಹುಡುಗಿ ಕಿಟಕಿಯಿಂದ ನೋಡಿ, ಅಪ್ಪಾ ಅವರು ಬಂದರು ಎಂದೂ ಹೇಳಿದ್ದಳು. ಸಪ್ಪಳ ಇಲ್ಲದೆ ಅದು ಅವರ ಕಾರಾಗಲು ಸಾಧ್ಯವೇ ಇಲ್ಲ ಎಂದು ಗದರಿಸಿ ಕೂರಿಸಿದ್ದರು. ಸಪ್ಪಳ ನಿಲ್ಲಿಸಲು ಹೇಳಿದವರು ತಾವೇ ಎಂಬುದು ಎಣ್ಣೆಯ ಜೊತೆಗೆ ಜಾರಿ ಹೋಗಿತ್ತು.

ದೊಡ್ಡಪ್ಪ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು, ಇಳಿಯುವುದಿಲ್ಲ ಎಂದರು. ಅವರು ಇಳಿಯದೆ ಯಾರೂ ಇಳಿಯುವಂತಿಲ್ಲ. ಮದುಮಗನಾದ ನಾನು ನಾಲ್ಕು ಜನ ಹೆಂಗಸರ ನಡುವೆ ಸಿಕ್ಕಿಕೊಂಡು, ಬಾಸಿಂಗದ ಸಂದಿಯಲ್ಲಿ ನನ್ನ ಮದುವೆ ಮುರಿಯುವುದನ್ನು ನೋಡುತ್ತ ಕೂತೆ.

"ನಾಯಿ ಬಂದ್ರೂ ಒಬ್ರು ಹಚಾ ಅಂತಾರೆ," ಎಂದರು ದೊಡ್ಡಪ್ಪ. "ನಮ್ಮನ್ನ ಯಾರೂ ಕೇಳ್ಲಿಲ್ಲ."

"ಸದ್ದಿಲ್ದಂಗೆ ಬಂದ್ರೆ ನಮಗೆ ಹೆಂಗ್ರೀ ತಿಳೀಬೇಕು?" ಎಂದರು ಮಾವನವರು.

ಮಾತಿಗೆ ಮಾತು ಬೆಳೆಯಿತು. ವಾಪಸ್ಸು ಗುಡಿಗೆ ಹೋಗಿ ನಿಲ್ಲಿ, ನಾವು ವಾಲಗದೊಂದಿಗೆ ಬರುತ್ತೇವೆ ಎಂದು ಹೆಣ್ಣಿನ ಕಡೆಯ ಹಿರಿಯರು ಬೇಡಿಕೊಂಡರು. ಹಾಗೆ ಹೋಗಿ ಬಂದರೆ ನಾಟಕವಾಗುತ್ತದೆ, ನಾವು ಬಂದದ್ದನ್ನು ಊರು ಕೇಳಬೇಕು, ಕೇಳಿ ಎದ್ದು ಬರಬೇಕು, ಅದು ಮರ್ಯಾದೆ ಎಂದರು ದೊಡ್ಡಪ್ಪ. ಆ ಸಪ್ಪಳವನ್ನು ಎಲ್ಲಿಂದ ತರುವುದು? ಮೇಸ್ತ್ರಿ ಕಾರನ್ನು ಹಿಂದೆ ಮುಂದೆ ಆಡಿಸಿದ, ತುಂಬಿದ ಕಾರು ಕೂಡ ತುಟಿ ಬಿಚ್ಚಲಿಲ್ಲ. ಒಳಗಿನಿಂದ ಪುರೋಹಿತರು ಮುಹೂರ್ತ ಹತ್ತಿರ ಬಂತೆಂದು ಎರಡು ಸಲ ಹೇಳಿ ಕಳಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಬಾಸಿಂಗ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಆಗ ಕಿಟಕಿಯಿಂದ ಹುಡುಗಿ ಮಾತಾಡಿದಳು. ಮದುಮಗಳು ಹಾಗೆ ಮಾತಾಡಬಾರದು, ಆದರೂ ಮಾತಾಡಿದಳು.

"ಯಾರೂ ಇಳಿಯೋದು ಬ್ಯಾಡ. ನಮ್ಮಪ್ಪಾರು ಒಬ್ರು ಹತ್ಲಿ, ಸಪ್ಪಳ ತಾನೇ ಬರ್ತೈತೆ."

ಊರಿಗೆಲ್ಲ ಗೊತ್ತಿದ್ದು ಯಾರೂ ಆಡದಿದ್ದ ಮಾತು ಅದು. ಮಾವನವರು ಮಗಳನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಮುಹೂರ್ತ ಮೀರಿದರೆ ತಮ್ಮದೂ ಮರ್ಯಾದೆ ಹೋಗುತ್ತದೆಂಬುದು ಅವರಿಗೂ ಹೊಳೆದಿರಬೇಕು. ಅವಸರದಲ್ಲಿ ಅಂಗಿ ಸಿಕ್ಕಿಸಿಕೊಂಡು ರುಮಾಲು ಸುತ್ತಿಕೊಂಡು ಬಂದರು. ಒಳಗೆ ಹೋಗಲು ದಾರಿಯಿಲ್ಲ, ದೊಡ್ಡಪ್ಪ ಅಲುಗುವುದಿಲ್ಲ. ಮೇಸ್ತ್ರಿ ಕಿಟಕಿಯಿಂದ ಕೀಲಿಕೈ ಕೊಟ್ಟು ಡಿಕ್ಕಿ ತೆರೆಸಿದ. ನಮ್ಮ ಮಾವನವರು ಡಿಕ್ಕಿಯಲ್ಲಿ, ಕಾಲು ಹೊರಗೆ ಇಳಿಬಿಟ್ಟು, ನಮಗೆ ಬೆನ್ನು ಹಾಕಿ ಕೂತರು.

ಗುಡಿಗೆ ಹೋಗಿ ತಿರುಗಿದೆವು. ತುಂಬಿದ ಕಾರಿಗೆ ಮಾವನವರ ಭಾರವೂ ಸೇರಿದ ಮೇಲೆ ಹೊಸ ಟಯರೂ ಅಂಚಿಗೆ ಉಜ್ಜಿ, ಗುಡಿಯಿಂದ ಬರುವಾಗಿನ ಸಪ್ಪಳ ಊರೆಲ್ಲ ಕೇಳಿತು. ಜನ ಬಾಗಿಲಿಗೆ ಬಂದರು, ನಾಯಿಗಳು ಬಂದವು, ವಾಲಗದವರು ಉಪ್ಪಿಟ್ಟಿನ ಕೈ ಒರೆಸಿಕೊಂಡು ಊದುತ್ತ ಎದುರಿಗೆ ಬಂದರು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ, ವಾಲಗದ ಮಾತಲ್ಲ ನಾನು ಹೇಳುತ್ತಿರುವುದು. ದೊಡ್ಡಪ್ಪ ಮೀಸೆ ತಿರುವಿ ಬಾಗಿಲು ತೆರೆದರು. ಅವರ ಕಾಲಿಗೆ ನೀರು ಬಿತ್ತು, ಕೈಗೆ ಬೆಲ್ಲ ಬಂತು, ನಾನು ಉಸಿರು ಬಿಟ್ಟೆ.

ಮಾವನವರು ಡಿಕ್ಕಿಯಿಂದ ಇಳಿದು, ಪಂಚೆ ಸರಿಮಾಡಿಕೊಂಡು, ಸುತ್ತ ನೆರೆದವರನ್ನೆಲ್ಲ ಒಮ್ಮೆ ನೋಡಿದರು. ನಿಧಾನವಾಗಿ ಬಗ್ಗಿ ಚಕ್ರವನ್ನು ಪರೀಕ್ಷಿಸಿದರು. ಆಮೇಲೆ ತಲೆಯಾಡಿಸಿ ದೊಡ್ಡಪ್ಪನಿಗೆ ಹೇಳಿದರು:

"ಕೇಳಿದ್ರಾ ಬೀಗ್ರೇ? ನಾನು ಅವತ್ತೇ ಹೇಳಿದ್ದೆ, ಈ ಗಾಡಿ ಸರಿ ಇಲ್ಲ ಅಂತ."